ಬೀಗ ಹಾಕಿದ ಮನೆಯ ಯೂನಿಟ್ಟು

ಅಕಿವಾಟದ ಜೈನ ರೈತರ ಮನೆಯ ಜಿನಪಾಲ ಇಚಲಕರಂಜಿಗೆ ಬಂದು, ಬಿಜಲಿ ಕಂಪನಿಯಲ್ಲಿ ಮೀಟರ್ ಓದುವ ಕೆಲಸ ಹಿಡಿದು ಆರು ವರ್ಷವಾಗಿತ್ತು. ತಿಂಗಳ ಮೊದಲ ವಾರ ಓಣಿ ಓಣಿ ತಿರುಗಿ ಅಂಕಿ ಬರೆದುಕೊಳ್ಳಬೇಕು. ಆಫೀಸಿಗೆ ಬಂದು ಅದರಲ್ಲಿ ಹಿಂದಿನ ತಿಂಗಳದ್ದು ಕಳೆಯಬೇಕು. ಉಳಿದದ್ದು ಆ ಮನೆಯವರು ಉರಿಸಿದ ಯೂನಿಟ್ಟು. ಬಿಲ್ಲು ಅದರ ಮೇಲೆ. ಯಾರ ಮಗ್ಗ ನಿಂತಿದೆ, ಯಾರ ಮನೆಗೆ ಬೀಗರು ಬಂದಿದ್ದರು ಎಂಬುದು ಕಳೆಯುವಾಗಲೇ ಅವನಿಗೆ ಗೊತ್ತಾಗುತ್ತಿತ್ತು.

೧೯೪೧ರ ಮಳೆಗಾಲದಲ್ಲಿ ಒಂದು ಅಂಕಿ ಅವನ ನಿದ್ದೆ ಕೆಡಿಸಿತು. ನಾಮದೇವ ಎಂಬವನು ತನ್ನ ಎರಡು ಮಗ್ಗ ನಿಲ್ಲಿಸಿ, ಮನೆಗೆ ಬೀಗ ಜಡಿದು, ಬೆಲ್ಲದ ವ್ಯಾಪಾರಕ್ಕೆಂದು ಗಡಹಿಂಗ್ಲಜಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಮೀಟರು ಹೊರಗಿನ ಕಟ್ಟೆಯ ಗೋಡೆಗಿತ್ತು. ಬೇಸಿಗೆ ಮುಗಿಯುವ ತನಕ ಅಲ್ಲಿ ಸೊನ್ನೆ. ಜೂನ್ ತಿಂಗಳಿಗೆ ಏಳು ಯೂನಿಟ್ಟು ಬಂತು. ತಾನೇ ತಪ್ಪು ಓದಿರಬೇಕೆಂದು ಜಿನಪಾಲ ಮತ್ತೆ ಹೋಗಿ ನೋಡಿದ. ಬೀಗಕ್ಕೆ ತುಕ್ಕು ಹಿಡಿದಿತ್ತು. ಗಾಜಿನೊಳಗೆ ಚಕ್ರ ಮಾತ್ರ ಮೆಲ್ಲಗೆ ತಿರುಗುತ್ತಿತ್ತು. ಜುಲೈಗೆ ಇಪ್ಪತ್ತೊಂಬತ್ತು.

ಹೆಡ್ ಕ್ಲಾರ್ಕ್ ಭಾವುಸಾಹೇಬರ ಮುಂದೆ ಪುಸ್ತಕ ಇಟ್ಟ. "ಸಾಹೇಬ್ರ, ಒಳಗ ಯಾರೂ ಇಲ್ಲ. ಹಂಚು ಸೋರಿ ವಾಯರು ತೊಯ್ದಾವು. ಬಿಜಲಿ ಗ್ವಾಡಿಯೊಳಗ ಇಳ್ಯಾಕತ್ತೈತಿ. ಲೈನ್ ಬಂದ್ ಮಾಡಬೇಕ್ರಿ."

"ನಾಮದೇವ ಬಿಲ್ಲು ಕಟ್ಟ್ಯಾನೇನು?"

"ಕಟ್ಟ್ಯಾನ್ರಿ."

"ಮತ್ತ ನಿನಗ್ಯಾಕ ಉಸಾಬರಿ? ನೀ ಓದಾಂವ, ಅಷ್ಟ ಓದು. ಗಿರಾಕಿ ಬರಕೊಡದ ಮೀಟರಿನ ಸೀಲು ಮುರದು ಲೈನ್ ತಗದಿ ಅಂದ್ರ ನಿನ್ನ ನೌಕರಿ ಇರೂದಿಲ್ಲ."

ಪಕ್ಕದ ಮನೆ ಮಲಕವ್ವನದು. ಕುರಿ ಸಾಕುವ ಮನೆತನದ ವಿಧವೆ, ಉಣ್ಣೆ ನೂತು ಬದುಕುತ್ತಿದ್ದಳು. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅವಳನ್ನು ಎಚ್ಚರಿಸೋಣವೆಂದು ಒಳಗೆ ಹೊರಟ ಜಿನಪಾಲ ಹೊಸ್ತಿಲಲ್ಲೇ ನಿಂತುಬಿಟ್ಟ. ಆ ಗೋಡೆಗೆ ದೇವಿಗೆ ಮಾಡುವಂತೆ ಅರಿಸಿನ ಬಳಿದು, ಕುಂಕುಮ ಹಚ್ಚಿ, ಹೂವಿನ ಸರ ಇಳಿಬಿಟ್ಟಿದ್ದರು. ಕೆಳಗಿನ ನೆಲ ಹಸಿಯಾಗಿತ್ತು.

"ಅವ್ವ ಬಂದಾಳ್ರೀ," ಎಂದಳು ಮಲಕವ್ವ, ದನಿ ತಗ್ಗಿಸಿ. "ಮುಟ್ಟಿದ್ರ ಕೈಯಾಗ ಝುಂ ಅಂತಾಳ. ನೀರು ಹಾಕಿದ್ರ ಇನ್ನೂ ಜೋರು. ಶುಕ್ರವಾರ ಓಣಿ ಹೆಂಗಸ್ರೆಲ್ಲಾ ಬರ್ತಾರ."

"ಅಕ್ಕಾ, ಅದು ಅವ್ವ ಅಲ್ಲ, ಬಿಜಲಿ. ಮುಟ್ಟಬ್ಯಾಡ. ನೀರಂತೂ ಹಾಕಲೇಬ್ಯಾಡ."

ಅವಳು ಸಿಟ್ಟಾಗಲಿಲ್ಲ. ತಿಳಿಯದವರನ್ನು ನೋಡುವಂತೆ ನೋಡಿದಳು. "ನಮ್ಮ ಮನ್ಯಾಗ ಬಿಜಲಿ ಎಲ್ಲೈತ್ರಿ? ಚಿಮಣಿ ಬುಡ್ಡಿ ಐತಿ, ನೋಡ್ರಿ."

ಮರುದಿನ ಜಿನಪಾಲ ರಜೆ ಹಾಕಿ ಮೋಟಾರು ಹತ್ತಿ ಗಡಹಿಂಗ್ಲಜಕ್ಕೆ ಹೋದ. ನಾಮದೇವ ಚಹಾ ತರಿಸಿದ, ಎಲ್ಲವನ್ನೂ ಕೇಳಿದ, ಆದರೆ ಲೈನ್ ಬಂದ್ ಮಾಡಲು ಬರೆದುಕೊಡಲಿಲ್ಲ. ಯುದ್ಧ ನಡೆದಿದೆ, ತಾಮ್ರದ ತಂತಿ ಸಿಗುತ್ತಿಲ್ಲ, ಒಮ್ಮೆ ಕಡಿಸಿದರೆ ಮತ್ತೆ ಕನೆಕ್ಷನ್ ಯಾವ ಕಾಲಕ್ಕೋ. "ದೀಪಾವಳಿಗೆ ಬಂದು ಮಗ್ಗ ಚಾಲೂ ಮಾಡಾಂವ ಅದೇನಿ. ಆವಾಗ ರಿಪೇರಿ ಮಾಡಸ್ತೀನಿ, ಬಿಡ್ರಿ," ಎಂದ. ಕೀಲಿಯನ್ನೂ ಕೊಡಲಿಲ್ಲ.

ಶ್ರಾವಣದ ಮಳೆ ಬಿಡದೆ ಹಿಡಿದಿತ್ತು. ಎರಡನೆಯ ಶುಕ್ರವಾರ ಮಲಕವ್ವನ ಕುರಿಮರಿಯೊಂದು ಆ ಹಸಿ ಗೋಡೆಗೆ ಮೈ ತಿಕ್ಕಲು ಹೋಗಿ, ಕಾಲು ಸೆಟೆದು ಬಿದ್ದು ಸತ್ತಿತು. ಅವ್ವ ತಾನಾಗಿಯೇ ಬಲಿ ತಗೊಂಡಳು ಎಂದು ಸುದ್ದಿ ಹಬ್ಬಿತು. ಅದನ್ನು ಕೇಳಿದ ಜಿನಪಾಲ ಓಡಿಹೋಗಿ ಭಾವುಸಾಹೇಬರಿಗೆ ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕುರಿ ಸಾಯೂದು ಹೊಸಾದೇನು?" ಎಂದರು. ಆದರೆ ಅವನ ಮುಖ ನೋಡಲಿಲ್ಲ.

ಮುಂದಿನ ಶುಕ್ರವಾರ ಅವನು ಆಫೀಸಿಗೆ ಹೋಗದೆ ಬೆಳಿಗ್ಗೆಯೇ ಆ ಓಣಿಗೆ ನಡೆದ. ದೂರದಿಂದಲೇ ಹೆಂಗಸರ ಸಾಲು ಕಂಡಿತು, ಕೈಯಲ್ಲಿ ನೀರಿನ ತಂಬಿಗೆಗಳು; ಮಲಕವ್ವನ ಮನೆಯೊಳಗಿಂದ ಅವ್ವನ ಹಾಡು ಕೇಳುತ್ತಿತ್ತು. ನಾಮದೇವನ ಕಟ್ಟೆ ಹತ್ತಿ ಮೀಟರು ನೋಡಿದ. ತಿಂಗಳಿನ್ನೂ ಅರ್ಧ, ಆಗಲೇ ಅರವತ್ತು ದಾಟಿತ್ತು. ಅವನು ನೋಡುತ್ತಿದ್ದಂತೆ ಚಕ್ರ ಒಮ್ಮೆಲೇ ಜೋರು ಹಿಡಿಯಿತು. ಅದರ ಮೇಲಿನ ಕೆಂಪು ಗುರುತು ಹೋದದ್ದೂ ಬಂದದ್ದೂ ಕಣ್ಣಿಗೆ ಸಿಗದಷ್ಟು ಜೋರು. ಒಳಗೆ ಹಾಡು ನಿಂತಿತು.

ಜಿನಪಾಲ ಸೀಸದ ಸೀಲನ್ನು ಕಲ್ಲಿನಿಂದ ಜಜ್ಜಿ ಮುರಿದು ಫ್ಯೂಜು ಎಳೆದ. ಚಕ್ರ ನಿಂತಿತು.

ಅವನು ಒಳಗೆ ಓಡಿದಾಗ, ಗೋಡೆಗೆ ಅಂಟಿಕೊಂಡಿದ್ದ ಮಲಕವ್ವ ನೆಲಕ್ಕೆ ಕುಸಿದಿದ್ದಳು. ಬಲಗೈ ಸುಟ್ಟು ಕಪ್ಪಾಗಿತ್ತು, ಉಸಿರಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ಸುತ್ತ ನಿಂತಿದ್ದರು. ಅವಳಿಗೆ ಎಚ್ಚರವಾಗಲು ಬಹಳ ಹೊತ್ತು ಬೇಕಾಯಿತು. ಎದ್ದವಳು ಮೊದಲು ಎಡಗೈಯಿಂದ ಗೋಡೆ ಮುಟ್ಟಿ ನೋಡಿದಳು. ಆಮೇಲೆ ಜಿನಪಾಲನ ಕೈಯಲ್ಲಿದ್ದ ಬಿಳಿ ಪಿಂಗಾಣಿಯ ಫ್ಯೂಜು ನೋಡಿದಳು.

"ಅವ್ವ ನನ್ನ ಕೈ ಹಿಡದಿದ್ಲು," ಎಂದಳು. "ನೀ ಬಿಡಿಸಿದಿ."

ಸೀಲು ಮುರಿದದ್ದಕ್ಕೆ ಕಂಪನಿ ಅವನನ್ನು ಆ ವಾರವೇ ತೆಗೆದುಹಾಕಿತು. ಕಾಗದದಲ್ಲಿ ಕುರಿಯ ಮಾತಾಗಲಿ, ಮಲಕವ್ವನ ಮಾತಾಗಲಿ ಇರಲಿಲ್ಲ. ಸುದ್ದಿ ತಿಳಿದು ಹೆದರಿದ ನಾಮದೇವ ಬಂದು ಗೋಡೆ ಒಡೆಸಿದ. ಒಳಗೆ ಮೊಳದುದ್ದ ತಂತಿ ಹೊದಿಕೆ ಕಳಚಿ ಹಸಿ ಮಣ್ಣಿನಲ್ಲಿ ಕೂತಿತ್ತು. ಅದನ್ನು ಭಾವುಸಾಹೇಬರೂ ಬಂದು ಕಂಡರು. ಕನ್ನಡಕ ಒರೆಸಿಕೊಂಡು ಆಫೀಸಿಗೆ ಮರಳಿದರು.

ಜಿನಪಾಲ ಅಕಿವಾಟಕ್ಕೆ ಮರಳಿ ಅಣ್ಣಂದಿರ ಜೊತೆ ಹೊಲ ಹಿಡಿದ. ವರ್ಷದ ಮೇಲೆ ಸಂತೆಗೆಂದು ಇಚಲಕರಂಜಿಗೆ ಹೋದಾಗ ಮಲಕವ್ವ ಎದುರಾದಳು. ಬಲಗೈಯ ಎರಡು ಬೆರಳು ಮಡಚಿಕೊಂಡೇ ಇದ್ದವು. ಅವನು ದಾರಿ ಬಿಟ್ಟು ನಿಂತ. ಅವಳು ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಎಲ್ಲಿ ಇಟ್ಟೀರ್ರೀ ಅವ್ವನ್ನ?" ಎಂದು ಕೇಳಿದಳು.