ಹಾವಿಗೆ ಕಣ್ಣಿಡುವ ಹಕ್ಕು

ಬೋನಾಳದಲ್ಲಿ ಇನ್ನೂ ನಸುಕು. ರೇಣಮ್ಮನವರ ಮನೆಯ ಮುಂದೆ ಮಲಕಮ್ಮ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಜಾಜು ಬಳಿದ ಕೆಂಪು ಗೋಡೆಯ ಮೇಲೆ ಸುಣ್ಣದಲ್ಲಿ ಅದ್ದಿದ ಬೆರಳು ತಡವರಿಸದೆ ಸಾಗುತ್ತದೆ: ಹೆಣೆದುಕೊಂಡ ಎರಡು ಹಾವು, ನಡುವೆ ತೊಟ್ಟಿಲು, ಮೇಲೆ ಸೂರ್ಯಚಂದ್ರರು. ನಾಳೆ ನಾಗರ ಪಂಚಮಿ. ಎಲ್ಲ ಮುಗಿಯಿತೆನ್ನುವಾಗ ಅವರು ಬೆರಳು ಒರೆಸಿಕೊಂಡು ಹಿಂದೆ ಸರಿಯುತ್ತಾರೆ. ಹಾವುಗಳಿಗೆ ಕಣ್ಣಿಲ್ಲ.

“ಬಾರವ್ವ ರೇಣಿ, ನಿನ್ನ ಹಾವು ಕುಡ್ಡಾಗಿ ಕುಂತಾವ.”

ರೇಣಮ್ಮ ಬಂದು ಕಿರುಬೆರಳಿನಿಂದ ಚುಕ್ಕೆ ಇಡುತ್ತಾರೆ. “ಸೊಟ್ಟ ಆತಲ್ಲ ಯಕ್ಕಾ.”

“ಆಗ್ಲಿ ಬಿಡು. ನಿನ್ನ ಗಂಡನ್ನ ನೋಡಾಕ ಸೊಟ್ಟಗಣ್ಣೇ ಸಾಕು.”

ಹಾವು ಮನೆಯ ಕಾವಲು, ತೊಟ್ಟಿಲು ಮನೆತನದ ಮುಂದುವರಿಕೆ. ಕಣ್ಣಿಟ್ಟವಳ ಮನೆಯನ್ನು ಮಾತ್ರ ಹಾವು ಗುರುತಿಸುತ್ತದೆ. ಆದ್ದರಿಂದ ಬರೆಯುವವಳು ಕಣ್ಣಿಡಬಾರದು. ಇದು ಮಲಕಮ್ಮನಿಗೆ ತಾಯಿ ಕಲಿಸಿದ ನೇಮ. ಅವರದು ಕುರಿ ಸಾಕುವ ಮನೆತನ. ಕಾಲುವೆಗೆ ನೀರು ಬಂದಾಗ ಕುರಿ ಮೇಯುವ ಬೀಳುಗಳೆಲ್ಲ ಗದ್ದೆಗಳಾದವು, ಹಿಂಡು ಮಾರಿಹೋಯಿತು. ಈಗ ನಸುಕಿನಲ್ಲಿ ಗೋಡೆ, ಹೊತ್ತೇರಿದ ಮೇಲೆ ಪರರ ಗದ್ದೆಯಲ್ಲಿ ಕಳೆ ಕೀಳುವ ಕೂಲಿ.

ಹೋದ ವರ್ಷ ಹುಣಸಗಿಯ ಕಡೆ, ಕಾಲುವೆಯ ದಂಡೆಯಲ್ಲಿ ಎದ್ದ ಹೊಸ ಅತಿಥಿಗೃಹಕ್ಕೆ ಅವರನ್ನು ಕರೆಸಿದರು. ಗೋಡೆ ತುಂಬ ಬರೆದ ಮಲಕಮ್ಮ ಎಂದಿನಂತೆ ಹಾವುಗಳಿಗೆ ಕಣ್ಣಿಡದೆ ಬಿಟ್ಟರು. ಉದ್ಘಾಟನೆಯ ಹಿಂದಿನ ದಿನ ಬಂದ ಅಧಿಕಾರಿ, ಕೆಲಸ ಅರ್ಧಕ್ಕೆ ನಿಂತಿದೆಯೆಂದು ಸಿಡುಕಿದರು.

“ಈ ಮನಿ ಹೆಣ್ಣುಮಗಳು ಯಾರ್ರಿ ಅಂತ ಕೇಳ್ದೆ,” ಎಂದು ಮಲಕಮ್ಮ ನೆನೆಯುತ್ತಾರೆ. “ ಯಾರೂ ಇಲ್ಲ, ಇದು ಸರಕಾರದ್ದು ಅಂದ್ರು. ದಿನಾ ಬಾಗಲಾ ತೆಗೆದು ಕಸಾ ಹೊಡಿಯಾಕಿ ಹುಸೇನಬೀ ಅದಾಳಲ್ರಿ, ಆಕಿನೇ ಇಡ್ಲಿ ಅಂದೆ. ಕಸಬರಗಿ ಹಿಡಿಯೋ ಕೈಲೆ ಚಿತ್ರಾ ಮುಟ್ಟಿಸ್ತೀಯೇನು ಅಂತ ನಕ್ರು. ಹುಸೇನಬೀ ಅಲ್ಲೇ ನಿಂತಿದ್ಲು.”

ಆ ಸಂಜೆಯೇ ಬೋರ್ಡು ಬರೆಯುವವನೊಬ್ಬ ಎಣ್ಣೆಬಣ್ಣದಲ್ಲಿ ಕಣ್ಣಿಟ್ಟ, ರೆಪ್ಪೆ ಸಮೇತ. ಹಾವಿಗೆ ರೆಪ್ಪೆಯಿಲ್ಲವೆಂಬುದು ಶಾಲೆಯ ಮಗುವಿಗೂ ಗೊತ್ತು. ಮರುದಿನ ಅದೇ ಗೋಡೆಯ ಮುಂದೆ ನಿಂತು ಜನಪದ ಕಲೆಯನ್ನು ಉಳಿಸಿದೆವೆಂದು ಭಾಷಣ ಮಾಡಿದವರಿಗೆ ಜನರ ಕೈಯೇ ಮೈಲಿಗೆಯಾಗಿತ್ತು. ಅಜ್ಞಾನವನ್ನಾದರೆ ಕ್ಷಮಿಸಬಹುದಿತ್ತು, ತಿಳಿಸಿ ಹೇಳಿದ ಮೇಲೂ ನಕ್ಕದ್ದನ್ನು ಕ್ಷಮಿಸಲಾಗದು. ಹುಸೇನಬೀ ಇಂದಿಗೂ ಆ ಕಣ್ಣುಗಳ ಕೆಳಗೇ ನೆಲ ಒರೆಸುತ್ತಾರೆ.

ಅತಿಥಿಗೃಹದ ಗೋಡೆಯ ಮೇಲೆ ನಿಮ್ಮ ಹೆಸರನ್ನಾದರೂ ಬರೆಸಲು ಒತ್ತಾಯಿಸೋಣವೇ ಎಂದರೆ ಮಲಕಮ್ಮ ಬೇಡವೆಂದು ಕೈಯಾಡಿಸುತ್ತಾರೆ.

“ಹೆಸರು ತಗೊಂಡು ಏನು ಮಾಡ್ಲಿರಿ? ಮೊದ್ಲು ಆ ಕಣ್ಣು ಕೆರೀರಿ. ಹುಸೇನಬೀ ಬಂದು ಇಡೋತನಕ ಹಾವು ಕುಡ್ಡೇ ಇರ್ಲಿ.”