ಬೀದರಿನಿಂದ ಬಂದ ಹನ್ನೆರಡು ಕಡ್ಡಿ

ತೂಬಗೆರೆಯ ಬೈಲಪ್ಪನಿಗೂ ವಿಮಾನಕ್ಕೂ ಅಷ್ಟಕ್ಕಷ್ಟೆ. ದೇವನಹಳ್ಳಿಯಲ್ಲಿ ಇಳಿಯುವ ವಿಮಾನಗಳೆಲ್ಲ ತನ್ನ ನೆತ್ತಿಯ ಮೇಲೇ ಹಾಯಬೇಕೆಂದು ಯಾರೋ ಕಟ್ಟಪ್ಪಣೆ ಮಾಡಿದ್ದಾರೆಂಬುದು ಅವನ ಗುಮಾನಿ. "ಸದ್ದು ನಮಗೆ, ಸವಾರಿ ಇನ್ಯಾರಿಗೋ" ಎಂದು ಗೊಣಗಿಕೊಂಡೇ ಹಲಸಿನ ಸಸಿಗಳಿಗೆ ಕಸಿ ಕಟ್ಟುತ್ತ ಕೂರುತ್ತಿದ್ದ. ಕಸಿ ಕಟ್ಟುವುದರಲ್ಲೂ ಗೊಣಗುವುದರಲ್ಲೂ ಆ ಸೀಮೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಅವನ ಹಿತ್ತಲಲ್ಲೊಂದು ಹಲಸಿನ ಮರವಿತ್ತು. ಅವ್ವ ಮುನಿವೆಂಕಟಮ್ಮ ಮದುವೆಯಾಗಿ ಬಂದ ವರ್ಷ ಬೀಜ ಊರಿ ಬೆಳೆಸಿದ್ದು. ಕೆಂಪು ತೊಳೆ, ಜೇನಿನಂಥ ರುಚಿ. ಗಂಡ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಆ ತೊಳೆ ಮಾರಿಯೇ ಆಕೆ ಮಗನನ್ನು ಸಾಕಿದಳು. ಬೈಲಪ್ಪ ಊರೂರಿಗೆ ಸಾವಿರಾರು ಕಸಿ ಕಟ್ಟಿಕೊಟ್ಟನಾದರೂ ಕಸಿಗೆಂದು ಈ ಮರದ ಕಡ್ಡಿ ಕೇಳಿದವರಿಗೆ ಮಾತ್ರ, "ಹಣ್ಣು ಬೇಕಾದ್ರೆ ತಿನ್ರಪ್ಪಾ, ಕಡ್ಡಿ ಕೇಳ್ಬೇಡಿ" ಎಂದುಬಿಡುತ್ತಿದ್ದ. ಇಂಥ ಮರ ಊರಿಗೆಲ್ಲ ತನ್ನದೊಂದೇ ಇರಲಿ ಎಂಬ ಸಣ್ಣ ಹಮ್ಮು.

ಆ ಹಟ ಬಿಡಿಸಿದವರು ಬೀದರ್ ಕಡೆಯ ಕಸ್ತೂರಿಬಾಯಿ. ರೈತರ ಪ್ರವಾಸದಲ್ಲಿ ಬಂದವರು ಒಂದು ತೊಳೆ ತಿಂದು, ಕಡ್ಡಿ ಬೇಕೇಬೇಕೆಂದು ಮುನಿವೆಂಕಟಮ್ಮನ ಪಕ್ಕದಲ್ಲಿ ಕೂತೇಬಿಟ್ಟರು. ಕೊಡು ಎಂದು ಅವ್ವನೇ ಹೇಳಿದ ಮೇಲೆ ಮಗ ಏನು ಮಾಡಿಯಾನು? ಎರಡು ಸಲ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿಗೆ ಹಾಕಿದ. ಹದಿನಾಲ್ಕು ಗಂಟೆಯ ದಾರಿ, ಬೀದರಿನ ಬಿಸಿಲು. ಎರಡು ಸಲವೂ ಅಲ್ಲಿ ಇಳಿದದ್ದು ಒಲೆಗೆ ಹಾಕುವ ಪುಳ್ಳೆ.

ಮೂರನೆಯ ಸಲ ಕಸ್ತೂರಿಬಾಯಿ ಅವನಿಗೇ ವಿಮಾನದ ಟಿಕೆಟ್ ಕಳಿಸಿದರು. ಬೀದರಿಗೆ ಆಗ ಸಣ್ಣ ವಿಮಾನವೊಂದು ಹೋಗುತ್ತಿತ್ತು. ಬೈಲಪ್ಪ ಎಂದಿನಂತೆ ಕಸಿ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟ, ತಪಾಸಣೆಯವರು ಕಿತ್ತಿಟ್ಟುಕೊಂಡರು. ಬೀದರಿನಲ್ಲಿ ಗಡ್ಡ ಹೆರೆಯುವ ಬ್ಲೇಡಿನಿಂದಲೇ ಹತ್ತು ಕಸಿ ಕಟ್ಟಿದ. ಬೆಳಿಗ್ಗೆ ತೂಬಗೆರೆಯಲ್ಲಿ ಕೊಯ್ದ ಕಡ್ಡಿ ಸಂಜೆಯೊಳಗೆ ಅಲ್ಲಿನ ಸಸಿಗೆ ಕೂಡಿತ್ತು. ಎಂಟು ಹಿಡಿದವು. ಆಮೇಲೆ ಆ ವಿಮಾನ ನಿಂತುಹೋಯಿತು. ವರ್ಷಕ್ಕೂ ಮೇಲ್ಪಟ್ಟು ಬೀದರಿನ ಜನಕ್ಕೆ ಮತ್ತೆ ಅದೇ ಬಸ್ಸೇ ಗತಿಯಾಯಿತು.

ಹೀಗಿರುವಾಗ ಒಂದು ಬೇಸಿಗೆ, ಭರಣಿ ಮಳೆಯ ಮೊದಲ ಗುಡುಗಿಗೇ ಸಿಡಿಲು ಬಡಿದು ಹಿತ್ತಲ ಮರ ಬುಡದವರೆಗೆ ಸೀಳಿತು. ಬೈಲಪ್ಪ ಅಳುತ್ತಲೇ ಉಳಿದ ಕೊಂಬೆಗಳಿಂದ ಕಡ್ಡಿ ಕೊಯ್ದು ಮೂವತ್ತು ಕಸಿ ಕಟ್ಟಿದ. ಒಂದೂ ಹಿಡಿಯದೆ ಎಲ್ಲ ಕರ್ರಗಾದವು. ಅವ್ವ ಹಿತ್ತಲ ಬಾಗಿಲು ತೆರೆಯುವುದನ್ನೇ ಬಿಟ್ಟಳು. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವನಿಗೆ.

ನಾಚಿಕೆ ಬಿಟ್ಟು ಬೀದರಿಗೆ ಫೋನ್ ಮಾಡಿದ.

"ಚಿಂತಿ ಮಾಡಬ್ಯಾಡ್ರಿ ಅಣ್ಣಾ, ಗಿಡ ಛಲೋ ಅವ. ಹೋದ ತಿಂಗಳಿಂದ ವಿಮಾನನೂ ಮತ್ತ ಶುರು ಆಗ್ಯದ. ಕಡ್ಡಿ ನಾನೇ ತರ್ತೀನ್ರಿ" ಎಂದರು ಕಸ್ತೂರಿಬಾಯಿ.

ಕಡ್ಡಿ ಕೊಯ್ಯುವ ಮೊದಲು ಎಲೆ ಸವರಿ, ಮೊಗ್ಗು ಉಬ್ಬಲೆಂದು ಎಂಟು ದಿನ ಕಾಯಬೇಕು. ಆ ಎಂಟು ದಿನ ಬೈಲಪ್ಪನಿಗೆ ಅನ್ನ ರುಚಿಸಲಿಲ್ಲ. ಬೀದರಿನ ವಿಮಾನ ಯಾವುದೆಂದು ಗೊತ್ತಿಲ್ಲದೆ, ತಲೆಯ ಮೇಲೆ ಹಾಯ್ದ ಎಲ್ಲಕ್ಕೂ ಕೈ ಮುಗಿಯತೊಡಗಿದ. ಊರವರು ನಕ್ಕರು, ನಗಲಿ.

ಒಂಬತ್ತನೆಯ ದಿನ ಕಸ್ತೂರಿಬಾಯಿ ಅವನ ಅಂಗಳದಲ್ಲಿ ಕೂತು ಒದ್ದೆ ಬಟ್ಟೆ ಬಿಚ್ಚಿದರು. ಹನ್ನೆರಡು ಕಡ್ಡಿ. ಉಗುರಿನಿಂದ ಗೀರಿದರೆ ಒಳಗೆ ಹಸಿರು, ಹಾಲು ಜಿನುಗಿತು. ನಲವತ್ತು ವರ್ಷ ಪಳಗಿದ ಬೈಲಪ್ಪ ಅಂದು ಹನ್ನೆರಡನ್ನೂ ಕಸಿ ಕಟ್ಟಿ, ಒಂದೊಂದು ಕಟ್ಟನ್ನೂ ಎರಡೆರಡು ಸಲ ಮುಟ್ಟಿ ನೋಡಿದ.

"ನೀವು ಬರ್ದಿದ್ರೆ ನಮ್ಮವ್ವನ ಮುಖ ನೋಡೋಕಾಗ್ತಿರ್ಲಿಲ್ಲ ಕಣಮ್ಮಾ. ನಿಮ್ಮ ಉಪಕಾರ ದೊಡ್ಡದು" ಎಂದ.

"ಅವತ್ತ ನೀವು ಬರಲಿಲ್ಲಂದ್ರ ನಮ್ ಹೊಲ್ದಾಗ ಈ ಹಣ್ಣು ಎಲ್ಲಿತ್ರೀ?" ಎಂದರು ಅವರು.

ತಿಂಗಳು ತುಂಬುವಷ್ಟರಲ್ಲಿ ಏಳು ಚಿಗುರಿದವು. ಬೈಲಪ್ಪ ಅವನ್ನು ತಂದು ಅವ್ವನ ಮುಂದೆ ಇಟ್ಟ. ಆಕೆ ಒಂದೊಂದು ಚಿಗುರನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು.

"ಒಂದು ಹಿತ್ತಲಿಗೆ ಹಾಕು. ಮಿಕ್ಕ ಆರನ್ನ ಊರಲ್ಲಿ ಆರು ಮನೆಗೆ ಕೊಟ್ಬಿಡು" ಎಂದಳು.

"ಊರಿಗೆಲ್ಲ ಕೊಟ್ಬಿಟ್ರೆ ನಮಗೇನವ್ವಾ ಉಳೀತದೆ?"

"ಆ ಯಮ್ಮನಿಗೆ ಕೊಟ್ಟಿದ್ದೊಂದೇ ಕಣೋ ನಮಗೆ ಉಳ್ದಿದ್ದು."

ಬೈಲಪ್ಪ ಒಂದು ಸಸಿ ಎತ್ತಿಕೊಂಡು ಪಕ್ಕದ ಮನೆಯ ಗೋಪಾಲಪ್ಪನ ಬಾಗಿಲು ತಟ್ಟಿದ.