ಗಿರಿಜಾಬಾಯಿ ಆರಿಸಿದ ಪೆಟ್ಟಿಗೆ

ಸಂತಪುರದ ಗಿರಿಜಾಬಾಯಿ ಕಂಪ್ಯೂಟರಿಗೆ ಕಬ್ಬಿಣದ ಪೆಟ್ಟಿಗೆ ಕೊಳ್ಳಲು ಬೀದರಿನ ಬಸ್ಸು ಹತ್ತಿದಾಗ ಗಂಡ ಸತ್ತು ನಾಲ್ಕು ತಿಂಗಳಾಗಿತ್ತು. ಅಳುವನ್ನು ಮನೆಯಲ್ಲಿ ಬಿಟ್ಟು, ಹಗೆಯನ್ನು ಬುತ್ತಿಯ ಹಾಗೆ ಕಟ್ಟಿಕೊಂಡು ಹೊರಟಿದ್ದಳು.

ಗಂಡ ಕಾಶೀರಾಮ ಊರಿನ ಬಸ್ ನಿಲ್ದಾಣದ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದ. ಮದುವೆಯ ವಿಡಿಯೋ ತೆಗೆಯುತ್ತಿದ್ದ. ತೆಗೆದದ್ದನ್ನು ಅಳಿಸಲು ಅವನಿಗೆ ಕೈ ಬರುತ್ತಿರಲಿಲ್ಲ. ಹೈದರಾಬಾದಿನ ಗುಜರಿಯಿಂದ ಒಂದೊಂದೇ ಹಾರ್ಡ್‌ಡಿಸ್ಕು ತಂದು, ಆರನ್ನು ಕೂಡಿಸಿ, ಮನೆಯಲ್ಲೇ ಸರ್ವರ್ ಕಟ್ಟಿದ. ಮುಚ್ಚಿಹೋದ ಕೇಬಲ್ ಆಫೀಸಿನ ಕಬ್ಬಿಣದ ರ್ಯಾಕು ತಂದು ಗೋಡೆಗೆ ಬೋಲ್ಟು ಬಿಗಿದ. ರ್ಯಾಕಿಗೆ ಹೊಂದುವ ಪೆಟ್ಟಿಗೆಯೊಂದನ್ನು ತರುವುದು ಉಳಿಯಿತು. ಈ ವರ್ಷ ತರುತ್ತೇನೆ, ಬರುವ ವರ್ಷ ತರುತ್ತೇನೆ ಅಂದ. ಯಂತ್ರ ಪ್ಲೈವುಡ್ ಹಲಗೆಯ ಮೇಲೆ ಕರುಳು ಹೊರಬಿದ್ದ ಹಾಗೆ ಬತ್ತಲೆ ಕೂತಿತ್ತು. ಮೇಲೆ ಗಿರಿಜಾಬಾಯಿಯ ಹಳೆಯ ಸೀರೆಯ ತುಂಡು ಹೊದಿಸಿತ್ತು.

ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಊರಲ್ಲಿ ಮದುವೆಗಳೇ ನಿಂತವು. ಜನ ಕೂಲಿ ಹುಡುಕಿಕೊಂಡು ಪುಣೆಗೆ ಹೊರಟರು. ಹೊರಡುವ ಮುಂಚೆ ಸ್ಟುಡಿಯೋದ ಮುಂದೆ ನಿಂತು, ತನ್ನ ಹೆಸರು, ಎಲ್ಲಿಗೆ ಹೋಗುತ್ತೇನೆ, ಯಾರ ಸಂಗಡ ಹೋಗುತ್ತೇನೆ ಎಂದು ಕ್ಯಾಮೆರಾಕ್ಕೆ ಹೇಳಿ ಹೋಗುವುದು ಊರಿಗೆ ರೂಢಿಯಾಯಿತು. ಹಿಂದೆ ಉಳಿದ ಹೆಂಗಸರು ನೆನಪು ಕಾಡಿದಾಗ ಬಂದು, ಯಂತ್ರದಲ್ಲಿ ತಮ್ಮವರ ಮುಖ ನೋಡಿಕೊಂಡು ಹೋಗುತ್ತಿದ್ದರು. ಕಾಶೀರಾಮ ಅದಕ್ಕೆ ಬಿಡಿಗಾಸು ಕೇಳಲಿಲ್ಲ.

ಜನರನ್ನು ಲಾರಿ ತುಂಬಿ ಒಯ್ಯುತ್ತಿದ್ದ ಮುಕಾದಮ ಗೋರಖನಾಥ. ಕಾಶೀರಾಮನ ದೊಡ್ಡಪ್ಪನ ಮಗ. ಎರಡೂ ಮನೆಗಳಿಗೆ ನಡುವೆ ಒಂದೇ ಗೋಡೆ. ಸ್ಟುಡಿಯೋ ನೊಣ ಹೊಡೆಯುತ್ತಿದ್ದ ಕಾಲಕ್ಕೆ ಅವನು ಕಾಶೀರಾಮನನ್ನೂ ಕರೆದ. ಕಾಶೀರಾಮ ಹೋದ. ಹೊರಟ ಬೆಳಿಗ್ಗೆ ಕ್ಯಾಮೆರಾವನ್ನು ಕಾಲುಮಣೆಯ ಮೇಲಿಟ್ಟು ತನ್ನದನ್ನೂ ಹೇಳಿ, ಮನೆಗೆ ಓಡಿ ಅದನ್ನು ಸರ್ವರಿಗೆ ಹಾಕಿ ಬಂದು, ಲಾರಿ ಹತ್ತಿದ. ಘಾಟಿನಲ್ಲಿ ಲಾರಿ ಉರುಳಿತು. ಕಾಶೀರಾಮನೂ ಸೇರಿ ಆರು ಜನ ಸತ್ತರು.

ಹೆಣಗಳು ಊರು ಸೇರುವ ಮುಂಚೆಯೇ ಗೋರಖನಾಥನ ಮಾತು ಊರು ಸೇರಿತ್ತು. "ಆ ಲಾರಿ ನಂದಲ್ರೆಪಾ. ನಾ ಆ ದಿನ ಕಮಲನಗರದಾಗ ಇದ್ದೆ. ಮಂದೀನ ಕೂಡಿಸಿದವ, ಲಾರಿ ಮಾಡಿದವ ಎಲ್ಲಾ ನಮ್ಮ ಕಾಶ್ಯಾನೇ. ಹೋದಂವಗ ಏನನ್ನೋದು?"

ಬದುಕಿ ಬಂದವರು ಬಾಯಿ ಬಿಡಲಿಲ್ಲ. ಮುಂದಿನ ಸಲವೂ ಅವನ ಲಾರಿಯನ್ನೇ ಹತ್ತಬೇಕಿತ್ತು. ಗಂಡನನ್ನು ಕಳೆದುಕೊಂಡ ಶಾಂತಾಬಾಯಿ ಗಿರಿಜಾಬಾಯಿಯ ಹೊಸ್ತಿಲಿಗೆ ಬಂದು ಉಗುಳಿ ಹೋದಳು. "ನಿನ್ನ ಗಂಡ ನನ್ನ ಗಂಡನ್ನ ಒಯ್ದು ಕೊಂದ," ಅಂದಳು. ಗಿರಿಜಾಬಾಯಿ ಆ ಉಗುಳನ್ನು ತಾನೇ ಸಾರಿಸಿದಳು. ಸಾರಿಸುತ್ತಾ ತೀರ್ಮಾನ ಮಾಡಿದಳು. ಸತ್ತವನ ಹೆಸರಿಗೆ ಅಂಟಿದ ಇದನ್ನು ಗೋರಖನಾಥ ತನ್ನ ನಾಲಗೆಯಿಂದಲೇ ತೆಗೆಯಬೇಕು.

ಆರು ಸಾವಿಗೆ ಹೊಣೆ ಯಾರೆಂದು ವಿಚಾರಿಸಲು ಬೀದರಿನ ಕಾರ್ಮಿಕ ಇಲಾಖೆಯ ಸಾಹೇಬರಿಗೆ ಭಾಲ್ಕಿಯ ವಕೀಲೆ ಸುಸನ್ನಾ ಅವಳ ಅರ್ಜಿ ಬರೆದುಕೊಟ್ಟಳು. ಸಂತಪುರಕ್ಕೆ ಬಂದು ಕಾಶೀರಾಮನ ಆ ಕೊನೆಯ ವಿಡಿಯೋವನ್ನು ಯಂತ್ರದಲ್ಲೇ ನೋಡಿದಳು. ಅದರಲ್ಲಿ ಲಾರಿ ಇತ್ತು. ಲಾರಿಯ ಪಕ್ಕ ಗೋರಖನಾಥ ಇದ್ದ.

"ಇದು ಸಾಕೇನ್ರಿ?" ಗಿರಿಜಾಬಾಯಿ ಕೇಳಿದಳು.

"ಸಾಕು. ನಕಲು ನನ್ನ ಹತ್ರ ಇರ್ಲಿ. ಆದ್ರ ಬರೀ ನಕಲು ಒಯ್ದರ ಅವನ ವಕೀಲ ಏನಂತಾನ? ಇದು ಕಂಪ್ಯೂಟರ್‌ದಾಗ ಕೂಡಿಸಿ ಮಾಡಿದ ಸಿನಿಮಾ ಅಂತಾನ. ಅದಕ್ಕ ಮೂಲ ಯಂತ್ರಾನೇ ಸಾಹೇಬರ ಮುಂದ ಬರಬೇಕು, ಚಾಲೂ ಇರಬೇಕು. ವಿಚಾರಣಿಗಿ ಇನ್ನಾ ಎರಡು ತಿಂಗಳದ. ಅಲ್ಲೀತನಕ ಅದನ್ನ ಜೀವಂತ ಇಡು." ಸುಸನ್ನಾ ಡಿಸ್ಕಿನ ಮೇಲಿದ್ದ ನಂಬರನ್ನು ಬರೆದುಕೊಂಡಳು.

ಅವಳನ್ನು ಬಸ್ಸು ಹತ್ತಿಸಿ ಬಂದು ಗಿರಿಜಾಬಾಯಿ ಸೀರೆಯ ತುಂಡು ಪೂರ್ತಿ ಎತ್ತಿ ನೋಡಿದಳು. ಹಲ್ಲಿ ಮೊಟ್ಟೆ ಇಟ್ಟಿತ್ತು. ಒಂದು ವೈರು ಇಲಿಯ ಹಲ್ಲು ಕಂಡಿತ್ತು. ಬರಗಾಲದ ಧೂಳು ಬೆರಳಗಾತ್ರ ಕೂತಿತ್ತು. ಮರುದಿನ ದಾರ ತೆಗೆದುಕೊಂಡು ರ್ಯಾಕಿನ ಎತ್ತರಕ್ಕೊಂದು ಗಂಟು, ಆಳಕ್ಕೊಂದು ಗಂಟು ಹಾಕಿ, ಅದನ್ನು ಸೆರಗಿಗೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದಳು.

ಅನ್ವರಿ ಬೇಗಂಳ ಕಂಪ್ಯೂಟರ್ ರಿಪೇರಿ ಅಂಗಡಿ ಗಾಂಧಿ ಗಂಜಿನ ಹಿಂದಿನ ಗಲ್ಲಿಯಲ್ಲಿತ್ತು. ಕಾಶೀರಾಮ ಹತ್ತು ವರ್ಷ ಅಲ್ಲಿಗೇ ಹೋಗಿ ಬರುತ್ತಿದ್ದ. ಅನ್ವರಿ ಬೇಗಂ ದಾರವನ್ನು ನೋಡಿ ನಕ್ಕಳು.

"ಅರೇ ಬಾಯಿ, ಕುಪ್ಪಸ ಹೊಲಿಸಾಕ ಬಂದಿ ಏನು? ರ್ಯಾಕಿನ ಡಬ್ಬಿ ಎಲ್ಲಾ ಹತ್ತೊಂಬತ್ತು ಇಂಚ್ ಅಗಲಾನೇ ಇರ್ತಾವ. ಎತ್ತರ, ಆಳ ಎರಡೇ ನೋಡೋದು."

"ಆ ಎರಡೇ ತಂದೇನ್ರಿ."

ಅನ್ವರಿ ಬೇಗಂ ಎರಡು ಪೆಟ್ಟಿಗೆ ಇಳಿಸಿದಳು. ಒಂದು ಗಿಡ್ಡ, ಹಗುರ, ಮುಂದುಗಡೆ ಅಂಗೈಯಷ್ಟೂ ಇಲ್ಲದ ನಾಲ್ಕು ಫ್ಯಾನು. ಇನ್ನೊಂದು ಅದರ ಎರಡರಷ್ಟು ಎತ್ತರ, ಎಮ್ಮೆಯಂಥದು, ಊಟದ ತಟ್ಟೆಯಗಲದ ಎರಡು ಫ್ಯಾನು, ಬೀಗವಿರುವ ಬಾಗಿಲು. ಗಿರಿಜಾಬಾಯಿ ಗಡಿಗೆ ಕೊಳ್ಳುವವಳ ಹಾಗೆ ಬೆರಳ ಗೆಣ್ಣಿನಿಂದ ಎರಡನ್ನೂ ಬಡಿದಳು. ಗಿಡ್ಡದ್ದು ಠಣ್ ಎಂದಿತು. ಎಮ್ಮೆಯಂಥದು ಧಪ್ ಎಂದಿತು. ಧಪ್ ಎನ್ನುವ ಗಡಿಗೆ ಒಡಕು, ಅದನ್ನು ಯಾರೂ ಕೊಳ್ಳುವುದಿಲ್ಲ. ಅವಳ ಮನಸ್ಸು ಅಲ್ಲೇ ಅರ್ಧ ತೀರ್ಮಾನವಾಗಿತ್ತು.

"ಚಾಲೂ ಮಾಡಿ ತೋರಸ್ರಿ."

ಗಿಡ್ಡದರ ನಾಲ್ಕು ಫ್ಯಾನುಗಳು ಜುಂಯ್ ಎಂದು ಚೀರಿದವು. ಪಕ್ಕದ ಅಂಗಡಿಯವನು ಇಣುಕಿ ನೋಡಿದ. ದೊಡ್ಡದು ತಿರುಗಿತೋ ಇಲ್ಲವೋ ತಿಳಿಯಲಿಲ್ಲ.

"ಈ ಚೀರೋದು ಕೊಡ್ರಿ," ಎಂದಳು ಗಿರಿಜಾಬಾಯಿ.

"ತಲಿ ಕೆಟ್ಟದೇನು? ಮನ್ಯಾಗ ಇಡೋದದ. ಕಿವಿ ತೂತ ಬೀಳ್ತದ."

"ಯಾರ ಕಿವಿ ಅನ್ನೋದು ನನಗ ಗೊತ್ತದರಿ."

ರ್ಯಾಕು ಇದ್ದದ್ದು ಗೋರಖನಾಥನ ಕಡೆಯ ಗೋಡೆಗೆ. ಆಚೆ ಅವನು ಊಟ ಮಾಡಿ ಮಧ್ಯಾಹ್ನ ಒರಗುವ ಮಂಚ. ಅನ್ವರಿ ಬೇಗಂ ಎರಡು ಸಲ ಬೇಡವೆಂದಳು, ಮೂರನೆಯ ಸಲ ಸುಮ್ಮನಾದಳು. ಶುಕ್ರವಾರ ಅಂಗಡಿ ಮುಚ್ಚಿ ಸಂತಪುರಕ್ಕೆ ಬಂದು, ಯಂತ್ರವನ್ನು ಝಾಡಿಸಿ, ಪೆಟ್ಟಿಗೆಯೊಳಗೆ ಜೋಡಿಸಿ, ರ್ಯಾಕಿಗೆ ಬಿಗಿದು ಹೋದಳು.

ಆ ಜುಂಯ್ ಗೋಡೆಯೊಳಗೆ ಇಳಿಯಿತು. ಕರೆಂಟು ಇದ್ದಷ್ಟು ಹೊತ್ತು ಗಿರಿಜಾಬಾಯಿ ಯಂತ್ರ ಆರಿಸಲಿಲ್ಲ. ಮಧ್ಯಾಹ್ನವಂತೂ ಮರೆಯುತ್ತಿರಲಿಲ್ಲ. ಗೋರಖನಾಥನ ಹೆಂಡತಿ ಕೌಸಲ್ಯಾಬಾಯಿ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು:

"ಗಂಡನ ಬದ್ಲಿ ಗಿರಣಿ ತಂದಿಟ್ಟಾಳ ನೋಡ್ರೆವಾ! ಬೀಸಾಕ ಒಂದು ಕಾಳಿಲ್ಲ, ಗಿರಣಿ ಹಗಲೆಲ್ಲಾ ತಿರಗತದ!"

ಆರನೆಯ ದಿನ ಗೋರಖನಾಥನೇ ಬಾಗಿಲಿಗೆ ಬಂದ. ಕಣ್ಣು ಕೆಂಪಾಗಿದ್ದವು.

"ಏ ಗಿರಿಜಾ, ಏನದು ಜುಂಯ್ ಅಂತ? ತಲಿ ಚಿಟ್ಟ ಹಿಡೀತದ."

"ನಿಮ್ಮ ತಮ್ಮ ಮಾತಾಡಾಕತ್ತಾನ್ರಿ ಭಾವ."

"ಹುಚ್ಚರ ಹಾಂಗ ಮಾತಾಡಬ್ಯಾಡ. ಆ ಗುಜರಿ ನನಗ ಕೊಡು, ಔರಾದಿಗಿ ಒಯ್ದು ಮಾರಿ ಬರ್ತೇನಿ. ಬಂದ್ ಮಾಡು ಮೊದಲು."

"ಅವನ ಬಾಯಿ ಒಮ್ಮಿ ಬಂದ್ ಮಾಡೀರಲ್ರಿ. ಇನ್ನಾ ಎಷ್ಟು ಸಲ ಮಾಡ್ತೀರಿ?"

ಗೋರಖನಾಥ ಓಣಿಯ ಎರಡೂ ಕಡೆ ನೋಡಿ, ಹಿಂದಕ್ಕೆ ಹೋದ. ಆ ದಿನ ಗಿರಿಜಾಬಾಯಿ ಎರಡು ರೊಟ್ಟಿ ತಿಂದಳು. ಗಂಡ ಸತ್ತ ಮೇಲೆ ಎರಡನೆಯ ರೊಟ್ಟಿ ಮುರಿದದ್ದು ಅಂದೇ.

ಹನ್ನೆರಡನೆಯ ದಿನ ಜುಂಯ್‌ನೊಳಗೆ ಇನ್ನೊಂದು ಸದ್ದು ಸೇರಿತು. ಟಿಕ್, ಟಿಕ್, ಟಿಕ್. ಪರದೆಯ ಮೇಲೆ ಒಂದು ಡಿಸ್ಕಿನ ಗುರುತು ಕೆಂಪಾಗಿತ್ತು. ಅವಳು ಅನ್ವರಿ ಬೇಗಂಳಿಗೆ ಫೋನು ಹಚ್ಚಿ, ಫೋನನ್ನು ಪೆಟ್ಟಿಗೆಯ ಬಾಯಿಗೆ ಹಿಡಿದಳು.

"ಬಂದ್ ಮಾಡು!" ಅನ್ವರಿ ಬೇಗಂ ಆಚೆಯಿಂದ ಕಿರುಚಿದಳು. "ಮೊದಲ ಬಂದ್ ಮಾಡು, ಆಮ್ಯಾಲ ಮಾತಾಡು!"

ಅದೇ ದಿನ ಬಸ್ಸಿಗೆ ಬಂದು ಪೆಟ್ಟಿಗೆ ಬಿಚ್ಚಿದಳು. ಕೆಟ್ಟದ್ದು ಮದುವೆಗಳಿದ್ದ ಡಿಸ್ಕು. ಕಾಶೀರಾಮನ ಡಿಸ್ಕು ಅದರ ಪಕ್ಕದ್ದು. ಮುಟ್ಟಿದರೆ ಸುಡುತ್ತಿತ್ತು, ಆದರೆ ಬದುಕಿತ್ತು. ಗಿರಿಜಾಬಾಯಿ ನೆಲಕ್ಕೆ ಕೂತಳು.

"ಠಣ್ ಅಂತಂದ್ರ ಗಟ್ಟಿ ಅಂತ ತಿಳದಿ," ಎಂದಳು ಅನ್ವರಿ ಬೇಗಂ. "ಗಡಗಿಗಿ ಅದು ಖರೇ. ಇದು ತೆಳು ಪತರಾ. ಫ್ಯಾನು ಚೀರಿದಂಗೆಲ್ಲಾ ಪತರಾ ನಡಗತದ, ಪತರಾ ನಡಗಿದಂಗ ಡಿಸ್ಕು ನಡಗತದ. ಒಳಗ ಸೂಜಿ ಇರ್ತದ ಬಾಯಿ, ಸೂಜಿ. ಇವತ್ತು ಇದು ಹೋಯ್ತು. ಇನ್ನ ಎಂಟು ದಿನಕ್ಕ ನಿನ್ನ ಗಂಡನ್ದೂ ಹೋಗ್ತಿತ್ತು. ನೀನೇ ಕೊಲ್ಲತಿದ್ದಿ."

ಗಿರಿಜಾಬಾಯಿ ಗೋಡೆಯನ್ನೇ ನೋಡುತ್ತಿದ್ದಳು.

"ಹೇಳು. ಅವನ ನಿದ್ದಿ ಕೆಡಸಬೇಕೋ, ಅವನ ಮಾನ ತೆಗೀಬೇಕೋ? ಎರಡೂ ಒಂದು ಡಬ್ಬ್ಯಾಗ ಕೂಡಂಗಿಲ್ಲ."

ಆ ಜುಂಯ್ ಗಿರಿಜಾಬಾಯಿಗೆ ಹನ್ನೆರಡು ದಿನ ಅನ್ನವಾಗಿತ್ತು. ಅದನ್ನು ಬಿಡುವುದೆಂದರೆ ಮತ್ತೆ ಗೋಡೆಯಾಚೆಯ ಅವನ ಗೊರಕೆ ಕೇಳಬೇಕು.

"ಆ ಎಮ್ಮಿ ತರ್ರಿ," ಎಂದಳು ಕಡೆಗೆ.

ಎಮ್ಮೆ ಬಂತು. ಎತ್ತಿ ಕೂರಿಸಲು ಇಬ್ಬರೂ ಹೆಂಗಸರು ಏದುಸಿರು ಬಿಟ್ಟರು. ದಪ್ಪ ತಗಡು, ಒಂದೊಂದು ಡಿಸ್ಕಿಗೂ ರಬ್ಬರಿನ ಹಾಸು, ಇಲಿ ತೂರದ ಸಣ್ಣ ಜಾಳಿಗೆ, ಬೀಗ. ಅನ್ವರಿ ಬೇಗಂ ಚಾಲೂ ಮಾಡಿದಳು. ಗಿರಿಜಾಬಾಯಿ ಕಿವಿ ಹಚ್ಚಿ ಕೇಳಿದಳು. ಒಳಗೆ ಮಲಗಿದ ಕೂಸಿನ ಉಸಿರಿನಷ್ಟು ಸದ್ದು. ಗೋಡೆಗೆ ಅಂಗೈ ಇಟ್ಟಳು. ಗೋಡೆ ಸತ್ತ ಹಾಗಿತ್ತು.

ಮರುದಿನ ಬಟ್ಟೆ ಒಣಹಾಕುವಾಗ ಕೌಸಲ್ಯಾಬಾಯಿ ಆಚೆಯಿಂದ ಕತ್ತು ಚಾಚಿದಳು.

"ಏನ ಗಿರಿಜಾ, ಗಿರಣಿ ನಿಂತ್ಹೋಯ್ತೇನು?"

ಗಿರಿಜಾಬಾಯಿ ಹಿಂಡುತ್ತಿದ್ದ ಬಟ್ಟೆಯನ್ನು ಹಿಡಿದೇ ನಿಂತಳು. ಅಲ್ಲಿಯ ತನಕ ಅವಳ ತಲೆಯಲ್ಲಿ ಯಾವ ಹಂಚಿಕೆಯೂ ಇರಲಿಲ್ಲ. ಆ ಪ್ರಶ್ನೆಯೇ ಹಂಚಿಕೆಯನ್ನು ತಂದುಕೊಟ್ಟಿತು.

"ನಿಂತದ ಅಕ್ಕ. ಕೆಟ್ಟು ಹೋಯ್ತು. ಒಳಗ ಏನೂ ಉಳದಿಲ್ಲಂತ. ಅವನ ಮಾರಿ ಸುದ್ದಾ ಉಳದಿಲ್ಲ."

ಹೇಳಿ ಸೆರಗು ಬಾಯಿಗೆ ಹಿಡಿದಳು. ಸುಳ್ಳಿಗೆಂದು ಶುರುಮಾಡಿದ ಅಳು ಖರೆಯದ್ದೇ ಆಗಿ ಬಂತು. ಕೌಸಲ್ಯಾಬಾಯಿ "ಅಯ್ಯ ಪಾಪ" ಎಂದು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಗೋರಖನಾಥ ಕೆಮ್ಮಿ ನಕ್ಕದ್ದು ಕೇಳಿಸಿತು. ಅಳುತ್ತಿದ್ದವಳು ಆ ನಗುವನ್ನು ಗಂಟು ಕಟ್ಟಿಟ್ಟುಕೊಂಡಳು.

ಐದು ವಾರ ಅವಳು ಬಾಯಿ ಬಿಡಲಿಲ್ಲ. ಗೋರಖನಾಥ ಓಣಿಯಲ್ಲಿ ಎದೆ ತೆಗೆದು ನಡೆದ. ಅವಳನ್ನು ಕಂಡಾಗ "ಎಲ್ಲಾ ಆರಾಮಲಾ?" ಎಂದು ಕೇಳಿದ. ಅವಳು ತಲೆ ತಗ್ಗಿಸಿ "ಆರಾಮ್ರಿ ಭಾವ" ಎಂದಳು. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪೆಟ್ಟಿಗೆಯ ಬೀಗ ತೆಗೆದು ಉಳಿದ ಐದೂ ಗುರುತು ಹಸಿರಾಗಿವೆಯೇ ಎಂದು ನೋಡಿ, ಮತ್ತೆ ಬೀಗ ಹಾಕುತ್ತಿದ್ದಳು.

ವಿಚಾರಣೆ ಬೀದರಿನಲ್ಲಿ, ಸಾಹೇಬರ ಕಚೇರಿಯಲ್ಲಿ. ಶಾಂತಾಬಾಯಿ ಮತ್ತು ಉಳಿದ ನಾಲ್ಕು ಮನೆಯವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗಿರಿಜಾಬಾಯಿಯ ಪಕ್ಕ ಯಾರೂ ಕೂರಲಿಲ್ಲ. ಗೋರಖನಾಥ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಲಾರಿ ನಂದಲ್ರಿ ಸಾಹೇಬ್ರ," ಎಂದ. "ನಾ ಆ ದಿನ ಸಂತಪುರದಾಗ ಇರಲೇ ಇಲ್ಲ, ಕಮಲನಗರದಾಗ ಇದ್ದೆ. ಮಂದೀನ ಕೂಡಿಸಿದವ ನನ್ನ ತಮ್ಮ ಕಾಶೀರಾಮ. ನನ್ನ ಮೂರೂ ಮಕ್ಕಳ ಆಣಿ."

ಹೇಳಿದ್ದನ್ನು ಬರೆದುಕೊಂಡು ಓದಿ ತೋರಿಸಿದರು. ಅವನು ಸಹಿ ಹಾಕಿದ.

"ಸಹಿ ಆಯ್ತೇನ್ರಿ?" ಎಂದಳು ಸುಸನ್ನಾ. ಆಯಿತು ಎಂದರು. "ಗಿರಿಜಾಬಾಯಿ, ಪೆಟ್ಗಿ ತರಸು."

ಇಬ್ಬರು ಸಿಪಾಯಿಗಳು ಆಟೋದಿಂದ ಪೆಟ್ಟಿಗೆ ಹೊತ್ತು ತಂದರು. "ಏನ್ ತುಂಬೀರಿ ಬಾಯಿ, ಕಲ್ಲೇನು?" ಎಂದ ಒಬ್ಬ.

"ಆರು ಹೆಣ," ಎಂದಳು ಗಿರಿಜಾಬಾಯಿ.

ಗೋರಖನಾಥ ಪೆಟ್ಟಿಗೆಯನ್ನು ನೋಡಿದ. ಮೊದಲು ಅವನಿಗೆ ತಿಳಿಯಲಿಲ್ಲ. ಅವನಿಗೆ ಗೊತ್ತಿದ್ದದ್ದು ಚೀರುವ ಯಂತ್ರ, ಇದು ಚೀರುತ್ತಿರಲಿಲ್ಲ. ಸುಸನ್ನಾ ಡಿಸ್ಕಿನ ನಂಬರು ಓದಿದಳು, ಸಾಹೇಬರು ಬಗ್ಗಿ ನೋಡಿ ಹೌದೆಂದರು. ಪರದೆಯ ಮೇಲೆ ಕಾಶೀರಾಮನ ಮೂಗು ದೊಡ್ಡದಾಗಿ ಬಂತು. ಹಿಂದೆ ಸರಿದು ನಿಂತು ಅಂಗಿ ಜಗ್ಗಿಕೊಂಡ.

"ನಾನು ಕಾಶೀರಾಮ, ಸಂತಪುರ. ಪುಣೆಗಿ ಹೊಂಟೇನಿ, ಗೋರಖ ಅಣ್ಣನ ಲಾರ್ಯಾಗ..."

ಅವನ ಹಿಂದೆ ಗೋರಖನಾಥ ಲಾರಿಯ ಮೈ ಬಡಿಯುತ್ತಿದ್ದ. "ಏ ಕಾಶ್ಯಾ, ಸಾಕು ಮಾಡೋ ನಿನ್ನ ಸಿನಿಮಾ! ಇನ್ನಾ ಎಂಟು ಮಂದಿ ಹತ್ತೋರು ಅದಾರ! ಜಾಗ ಇಲ್ಲಂದ್ರ ಒಬ್ಬರ ಮ್ಯಾಲ ಒಬ್ಬರು ಕೂಡ್ರಿ, ಹೆಂಗಸರಾಂಗ ಅಳಬ್ಯಾಡ್ರಿ!"

ಹಿಂದಿನ ಬೆಂಚಿನಲ್ಲಿ ಶಾಂತಾಬಾಯಿ ಎದ್ದು ನಿಂತಳು. ಲಾರಿಯೊಳಗಿಂದ ಇಣುಕುತ್ತಿದ್ದ ಮುಖಗಳಲ್ಲಿ ಅವಳ ಗಂಡನದೂ ಇತ್ತು. ಕೂರಲು ಯಾರೂ ಹೇಳಲಿಲ್ಲ.

ಗೋರಖನಾಥ ಗಿರಿಜಾಬಾಯಿಯ ಕಡೆ ಬಗ್ಗಿದ. "ಗಿರಿಜಾ, ಮನ್ಯಾಗ ಕುಂತು ಮಾತಾಡೋಣ," ಎಂದ ಮೆಲ್ಲಗೆ.

"ಇಲ್ಲೇ ಮಾತಾಡ್ರಿ ಭಾವ. ಲಾರಿ ಯಾರ್ದು?"

"ನಂದೇ," ಎಂದ.

"ಬರಿಯೋರಿಗಿ ಕೇಳಿಸಿಲ್ಲ."

"ನಂದೇ ಅಂದ್ನಲ್ಲ!"

"ಮಂದೀನ ಕೂಡಿಸಿದವ ಯಾರು? ಶಾಂತಾಬಾಯಿ ಕಡಿ ತಿರಗಿ ಹೇಳ್ರಿ."

ಅವನು ತಿರುಗಿದ. "ನಾನು. ಕಾಶ್ಯಾ ಅಲ್ಲ, ನಾನು."

ಬರೆಯುವವನು ಬರೆದುಕೊಂಡ. ಗೋರಖನಾಥನ ತುಟಿ ಒಣಗಿ ಬಿಳಿಯಾಗಿತ್ತು. ನಾಲಗೆ ಹೊರಳಲಿಲ್ಲ. ಮೇಜಿನ ಮೇಲೆ ನೀರಿನ ತಂಬಿಗೆ ಇತ್ತು, ಗಿರಿಜಾಬಾಯಿಯ ಮೊಣಕೈಗೆ ತಾಗುವಂತೆ. ಅವನು ತಂಬಿಗೆಯನ್ನು ನೋಡಿದ, ಅವಳನ್ನು ನೋಡಿದ. ಎಲ್ಲರೂ ನೋಡಿದರು. ಬರಗಾಲದ ಸೀಮೆಯಲ್ಲಿ ನೀರು ಕೇಳಿದವನಿಗೆ ಹಗೆಯವರೂ ಇಲ್ಲವೆನ್ನುವುದಿಲ್ಲ. ಗಿರಿಜಾಬಾಯಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಅವನು ಎದ್ದು ಹೊರಗೆ ಹೋಗುವ ತನಕ ಕೂತೇ ಇದ್ದಳು.